ಬೆಡ್‌ಶೀಟಿನ ಕೆಳಗೆ ಟೊಮೆಟೊ

ಗಿಡಕ್ಕೆ ಬಿಸಿಲು ಬೇಕು, ಬೇಸಿಗೆಯಲ್ಲಿ ಬಿಸಿಲು ಬೇಕಾದಷ್ಟಿದೆ, ಇನ್ನೇನು ಬೇಕು? ಈ ಲೆಕ್ಕ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಸ್ವಂತದ್ದು. ಅದನ್ನು ನಂಬಿಕೊಂಡು ಮಹಡಿ ಮೇಲೆ ಹನ್ನೆರಡು ಕುಂಡ ಇಟ್ಟೆ. ಎಲ್ಲವೂ ಕಪ್ಪು ಪ್ಲಾಸ್ಟಿಕ್. ನೋಡೋಕೆ ಚೆನ್ನಾಗಿರುತ್ತದೆ ಅಂತ. ಒಂದು ಮಧ್ಯಾಹ್ನ ಕುಂಡ ಸರಿಸಲು ಹೋಗಿ ಕೈ ಚುರ್ ಅಂದಾಗಲೇ ಒಳಗಿರುವ ಬೇರಿನ ಪಾಡು ನೆನಪಾಗಿದ್ದು.

ಮೊದಲು ಕೈ ಕೊಟ್ಟಿದ್ದು ಕೊತ್ತಂಬರಿ. ನಾಲ್ಕು ಎಲೆ ಬಿಟ್ಟಿತು, ಆಮೇಲೆ ಸೀದಾ ಕಡ್ಡಿ ಎತ್ತಿ ಹೂ ಬಿಟ್ಟಿತು. ಸೆಕೆ ಜಾಸ್ತಿಯಾದರೆ ಅದಕ್ಕೆ ಬೀಜ ಕಟ್ಟಿ ಕೈ ತೊಳೆದುಕೊಳ್ಳುವ ಅವಸರ.

ಟೊಮೆಟೊ ಹಾಗಲ್ಲ, ಆಸೆ ತೋರಿಸಿ ಕೊಲ್ಲುವ ಜಾತಿ. ಗಿಡದ ತುಂಬ ಹೂ. ಮರುದಿನ ಬೆಳಿಗ್ಗೆ ನೋಡಿದರೆ ತೊಟ್ಟಿನ ಗಂಟು ಹಳದಿಯಾಗಿರುತ್ತದೆ, ಬೆರಳು ತಾಗಿಸಿದರೆ ಸಾಕು, ಹೂ ಕೆಳಗೆ. ಗೊಬ್ಬರ ಹಾಕಿದೆ. ಜೇನುನೊಣ ಬರುತ್ತಿಲ್ಲ ಅಂತ ಅದಕ್ಕೂ ಬೈದೆ. ಕೊನೆಗೆ ಎಲೆಕ್ಟ್ರಿಕ್ ಟೂತ್‌ಬ್ರಷ್ ತಂದು, ಆನ್ ಮಾಡಿ, ಹೂಗೊಂಚಲಿನ ಹಿಂದೆ ಹಿಡಿದು ಗುಂಯ್‌ಗುಟ್ಟಿಸಿದೆ. ನಗಬೇಡಿ, ಪರಾಗ ಉದುರಿಸೋಕೆ ಇದು ನಿಜವಾಗಿಯೂ ಇರುವ ಉಪಾಯ. ಆದರೆ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗವೇ ಕೆಟ್ಟುಹೋಗಿರುತ್ತದೆ, ಬ್ರಷ್ ತಾನೇ ಏನು ಮಾಡೀತು? ಇದು ಗೊತ್ತಾಗೋಕೆ ಒಂದು ವಾರ ಹಿಡಿಯಿತು. ಬ್ರಷ್ ನನ್ನದಲ್ಲ ಅಂತ ಹೆಂಡತಿಗೆ ಗೊತ್ತಾಗೋಕೆ ಒಂದೇ ದಿನ.

ಇನ್ನು ನೀರಿನ ಕಥೆ. ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಎಲೆಗಳೂ ಜೋತುಬಿದ್ದಿದ್ದವು. ಅಯ್ಯೋ ಅಂತ ಬರಿಗಾಲಲ್ಲೇ ಓಡಿ ನಲ್ಲಿ ತಿರುಗಿಸಿದೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ಮಲಗಿದ್ದ ಪೈಪು ಮೊದಲು ಕಾದ ನೀರನ್ನು ನನ್ನ ಪಾದದ ಮೇಲೆ ಸುರಿಯಿತು. ಕೆಳಗೆ ನೆಲ ಕೆಂಡ, ಮೇಲೆ ಬಿಸಿನೀರು, ನಡುವೆ ನನ್ನ ಕುಣಿತ. ಮೆಣಸಿನ ಗಿಡದ ಬುಡಕ್ಕೆ ಬೀಳಲಿಲ್ಲವಲ್ಲ, ಪುಣ್ಯ. ಆ ಕಾಲು ಹಿಡಿದುಕೊಂಡು ಕೆಳಗೆ ಹೋದವನು ಸಂಜೆ ಬಂದು ನೋಡುತ್ತೇನೆ, ಗಿಡಗಳೆಲ್ಲ ತಾವಾಗಿಯೇ ಎದ್ದು ನಿಂತಿವೆ! ಎಲೆಯಿಂದ ಆರಿಹೋಗುವಷ್ಟು ನೀರನ್ನು ಬೇರು ಅಷ್ಟೇ ಬೇಗ ಎಳೆದುಕೊಡಲಾಗದೆ ಮಧ್ಯಾಹ್ನ ಸುಮ್ನೆ ಬಾಡುತ್ತವೆ, ಅಷ್ಟೇ. ಬೆಳಿಗ್ಗೆಯೂ ಬಾಡಿದ್ದರೆ ಆಗ ಗಾಬರಿಯಾಗಬೇಕು. ಈಗ ಮೊದಲು ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸಿ ನೋಡುತ್ತೇನೆ, ಒಣಗಿದ್ದರೆ ಮಾತ್ರ ನೀರು, ಅದೂ ಸೂರ್ಯ ಏರುವ ಮುಂಚೆ. ಮಣ್ಣಿನ ಮೇಲೆ ಒಂದು ಹಿಡಿ ದಪ್ಪಕ್ಕೆ ತರಗೆಲೆ.

ಆದರೆ ಅವಕ್ಕೆ ಬೇಕಾಗಿದ್ದು ನೀರಿಗಿಂತ ಜಾಸ್ತಿ ನೆರಳು. ನೆರಳಿಗೆ ಕಟ್ಟುವ ನೆಟ್ ತರುವವರೆಗೆ ಇರಲಿ ಅಂತ ಆನೆ ಚಿತ್ರದ ಹಳೇ ಬೆಡ್‌ಶೀಟ್ ಕಟ್ಟಿದೆ. ಗಾಳಿಗೆ ಅದು ಹಾಯಿ ಥರ ಉಬ್ಬಿ, ಒಂದು ಕುಂಡವನ್ನೂ ಉರುಳಿಸಿ, ಪಕ್ಕದ ಮನೆಗೆ ಹೋಯಿತು. ಅವರು ಪಾಪ, ನೀಟಾಗಿ ಮಡಿಸಿ ತಂದುಕೊಟ್ಟರು. "ಚೆನ್ನಾಗಿ ಒಣಗಿದೆ ನೋಡಿ" ಅಂದರು. ನಾನೂ ಹೌದು ಅಂದೆ.

ಬೆಂಡೆ ಮಾತ್ರ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಬಿಸಿಲು ಅಂದರೆ ಅದಕ್ಕೆ ಹಬ್ಬ. ಎರಡು ದಿನ ಮರೆತರೆ ಕಾಯಿ ಬಲಿತು ಕಟ್ಟಿಗೆ. ಸೌತೆಕಾಯಿ ಒಂದೇ ಒಂದು ಬಿಟ್ಟಿತು. ಸಮಾರಂಭದ ಹಾಗೆ ಹೆಚ್ಚಿ ಎಲ್ಲರಿಗೂ ಒಂದೊಂದು ಹೋಳು ಹಂಚಿದೆ. ಯಾರೂ ಮಾತಾಡಲಿಲ್ಲ, ಎಲ್ಲರೂ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬಿಸಿಲು, ನೀರಿನ ಕೊರತೆ ಎರಡೂ ಸೇರಿದರೆ ಸೌತೆ ಕಹಿಯಾಗುತ್ತದೆ ಅಂತ ವಿವರಿಸುವಷ್ಟರಲ್ಲಿ ತಟ್ಟೆ ಖಾಲಿ. ತಿಂದು ಅಲ್ಲ.

ಮೊನ್ನೆಯಿಂದ ರಾತ್ರಿ ಸ್ವಲ್ಪ ತಂಪು. ನೆಟ್ ಕೆಳಗಿನ ಟೊಮೆಟೊ ಗಿಡದಲ್ಲಿ ಒಣಗಿದ ಹೂವಿನ ಹಿಂದೆ ಬಟಾಣಿಯಷ್ಟು ಹಸಿರು ಕಾಯಿ ಕಂಡಿತು. ಮೆಟ್ಟಿಲು ಇಳಿಯುತ್ತಲೇ ಕೂಗಿದೆ, "ಕಾಯಿ ಕಚ್ಚಿದೆ!"

ಒಳಗಿನಿಂದ ಉತ್ತರ ಬಂತು: "ರೀ, ಈ ಸಲ ಯಾರ ಬ್ರಷ್ಷು?"