ಕಿವಿ ಕೇಳದವರು ತಲೆ ಅಲ್ಲಾಡಿಸಿದ್ರೆ ಅದು ಒಪ್ಪಿಗೆನಾ?

ಕಿವಿ ಮಂದ ಆಗಿರೋ ಹಿರಿಯರ ಜೊತೆ ಒಂದೇ ಮನೇಲಿ ಇರೋರಿಗೆ ಇದು ಗೊತ್ತಿರುತ್ತೆ, ಅವ್ರು ಮತ್ತೆ ಮತ್ತೆ 'ಏನಂದೆ' ಅಂತ ಕೇಳಲ್ಲ. ಒಂದೆರಡು ಸಲ ಕೇಳ್ತಾರೆ, ಆಮೇಲೆ ಸಂಕೋಚ ಆಗಿ ಹೂಂ ಅಂತ ತಲೆ ಅಲ್ಲಾಡಿಸಿ ಸುಮ್ನಾಗ್ತಾರೆ. ಇದು ನಮ್ಗಿಂತ ಚೆನ್ನಾಗಿ ಗೊತ್ತಿರೋದು ಹಿಯರಿಂಗ್ ಏಡ್ ಮಾರೋರಿಗೆ, ದಿನಾ ಬೆಳಗಾದ್ರೆ ಅಂಥವರನ್ನೇ ನೋಡ್ತಾರಲ್ಲ. ಗೊತ್ತಿದ್ದೂ ಆ ತಲೆ ಅಲ್ಲಾಡಿಸಿದ್ದನ್ನೇ ಒಪ್ಪಿಗೆ ಅಂತ ಹಿಡ್ಕೊಂಡು ನಮ್ಮಪ್ಪನ ಹತ್ರ 1,80,000 ರೂಪಾಯಿ ಕಿತ್ಕೊಂಡ್ರು. ಹೊಟ್ಟೆ ಉರಿಯುತ್ತೆ ನೆನೆಸ್ಕೊಂಡ್ರೆ.

ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ನಡೆಸಿದೋರು. ಮಗ್ಗದ ಶೆಡ್ಡಲ್ಲಿ ನಿಂತವರಿಗೇ ಗೊತ್ತು ಆ ಸದ್ದು, ಪಕ್ಕದೋನಿಗೆ ಏನಾದ್ರೂ ಹೇಳ್ಬೇಕಂದ್ರೆ ಕಿವಿ ಹತ್ರ ಬಾಯಿಟ್ಟು ಕೂಗ್ಬೇಕು. ವರ್ಷಗಟ್ಲೆ ಆ ಸದ್ದಲ್ಲಿ ದುಡಿದವರಿಗೆ ಕಿವಿ ಪೂರ್ತಿ ಮುಚ್ಚಿಹೋಗಲ್ಲ, ಮೊದಲು ಪೆಟ್ಟು ಬೀಳೋದು ಮೇಲಿನ ಫ್ರೀಕ್ವೆನ್ಸಿಗೆ, 4000 ಹರ್ಟ್ಸ್ ಸುತ್ತಮುತ್ತ. ಹಂಗಾಗಿ ದನಿ ಕೇಳಿಸುತ್ತೆ, ಸ, ಶ, ತ, ಕ ಇಂಥ ಸಣ್ಣ ಸದ್ದುಗಳು ಜಾರಿಹೋಗ್ತವೆ, ಯಾರೋ ಮಾತಾಡ್ತಿದಾರೆ ಅಂತ ತಿಳಿಯುತ್ತೆ, ಏನ್ ಹೇಳ್ತಿದಾರೆ ಅಂತ ತಿಳಿಯಲ್ಲ. ಇಂಥ ಕಿವಿಗೆ ಎಲ್ಲಾ ಸದ್ದನ್ನೂ ಒಂದೇ ಸಮ ಜೋರು ಮಾಡಿ ತುಂಬಿದ್ರೆ ಅದು ಶುದ್ಧ ಹಿಂಸೆ. ಆಡಿಯಾಲಜಿ, ಅಂದ್ರೆ ಕಿವಿ ಕೇಳಿಸೋದರ ಬಗೆಗಿನ ಶಾಸ್ತ್ರ, ಓದಿದ ಯಾರಿಗಾದ್ರೂ ಇದು ತೀರಾ ಬೇಸಿಕ್ ಪಾಠ.

'ಉಚಿತ ಶ್ರವಣ ತಪಾಸಣೆ' ಅಂತ ಬ್ಯಾನರ್ ಕಟ್ಟಿದ್ರು, ತಂಗಿ ಅಪ್ಪನ್ನ ಕರ್ಕೊಂಡು ಹೋದ್ಲು. ರಸ್ತೆ ಪಕ್ಕದ ಅಂಗಡಿ, ಹೊರಗಡೆ ಆಟೋ ಲಾರಿ ಹಾರ್ನು, ಅಂಥ ಕಡೆ ಹೆಡ್‌ಫೋನ್ ಹಾಕಿ ಪೀಂ ಪೀಂ ಅನ್ಸಿ ಐದೇ ನಿಮಿಷದಲ್ಲಿ ಟೆಸ್ಟ್ ಮುಗೀತು ಅಂದ್ರು. ಕಿವಿ ಒಳಗೆ ಲೈಟ್ ಬಿಟ್ಟು ನೋಡ್ಲಿಲ್ಲ. ಕಿವಿ ಹಿಂದಿನ ಮೂಳೆ ಮೇಲೆ ಇಟ್ಟು ಮಾಡೋ ಬೋನ್ ಕಂಡಕ್ಷನ್ ಟೆಸ್ಟ್ ಇಲ್ಲ, ಅದಿಲ್ದೆ ತೊಂದ್ರೆ ನರದಲ್ಲಿದ್ಯಾ ಅಥವಾ ಹೊರಕಿವಿ ನಡುಕಿವೀಲಿದ್ಯಾ ಅಂತ ಹೆಂಗ್ರೀ ಹೇಳ್ತಾರೆ? ಆದ್ರೂ ಹೇಳಿದ್ರು. ಅದೂ ಅಪ್ಪನ ಮುಖ ನೋಡಿ ಅಲ್ಲ, ಕಂಪ್ಯೂಟರ್ ನೋಡ್ಕೊಂಡು ತಂಗಿಗೆ ಪಟಪಟ ಅಂತ ಹೇಳೋದು, ನಡುನಡುವೆ ಅಪ್ಪನ ಕಡೆ ತಿರುಗಿ 'ಓಕೆನಾ ಸರ್?' ಅನ್ನೋದು. ಅಪ್ಪ ಹೂಂ ಅಂದ್ರು. ಅವ್ರಿಗೆ ಒಂದಕ್ಷರ ಕೇಳಿಸಿರ್ಲಿಲ್ಲ.

ಆಮೇಲೆ ಹೆದರಿಕೆ ಹಾಕೋದು ಶುರು. ಈಗ್ಲೇ ಹಾಕ್ಸಿಲ್ಲ ಅಂದ್ರೆ ಮರೆವಿನ ಕಾಯಿಲೆ ಬರುತ್ತಂತೆ. ಕಿವಿ ಮಂದ ಆಗೋದಕ್ಕೂ ಮರೆವಿನ ಕಾಯಿಲೆಗೂ ನಂಟಿದೆ ಅಂತ ಸಂಶೋಧನೆಗಳು ಹೇಳೋದು ನಿಜ, ಆದ್ರೆ ಅದನ್ನೇ ಇಟ್ಕೊಂಡು ಸಂಜೆ ಒಳಗೆ ಅಡ್ವಾನ್ಸ್ ಕಟ್ಟಿ, ಆಫರ್ ಇವತ್ತೇ ಲಾಸ್ಟ್ ಅಂತ ಒಬ್ಬ ಹೆಣ್ಮಗಳನ್ನ ಕೂರಿಸ್ಕೊಂಡು ಹೆದ್ರಿಸೋದು ಯಾವ ವೈದ್ಯಕೀಯ? 16 ಚಾನೆಲ್, ಬ್ಲೂಟೂತ್, ಆ್ಯಪ್ ಅಂತ ಪಟ್ಟಿ ಓದಿದ್ರು, ನಮ್ಮಪ್ಪನ ಹತ್ರ ಇರೋದು ಬಟನ್ ಫೋನು. ಬಿಲ್ ಕೇಳಿದ್ರೆ ಟ್ಯಾಕ್ಸ್ ಸೇರುತ್ತೆ ಅಂದ್ರಂತೆ, ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಸೊನ್ನೆ ಕಣ್ರೀ, ಸುಳ್ಳಿಗೂ ಒಂದು ಮಿತಿ ಬೇಡ್ವಾ. ಚಪ್ಪಲಿ ಅಂಗಡೀಲೂ ಕಾಲಿಗೆ ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದು ನೋಡೋಕೆ ಬಿಡ್ತಾರೆ, ಇಲ್ಲಿ ಮನೆಗೆ ತಗೊಂಡ್ಹೋಗಿ ಟ್ರಯಲ್ ನೋಡೋ ಮಾತೇ ಇಲ್ಲ.

ಮನೆಗೆ ಬಂದ್ಮೇಲೆ ತಟ್ಟೆ ಲೋಟದ ಸದ್ದು ತಲೆಗೆ ಹೊಡೆಯುತ್ತೆ ಅಂದ್ರು ಅಪ್ಪ, ಫ್ಯಾನ್ ಸದ್ದು ಕೂಡ ಮಾತಿಗಿಂತ ಜೋರು. ಅಂಗಡಿಗೆ ವಾಪಸ್ ಹೋದ್ರೆ 'ಅಭ್ಯಾಸ ಆಗುತ್ತೆ' ಅನ್ನೋ ಒಂದೇ ಉತ್ತರ. ಹೊಸ ಸದ್ದಿಗೆ ಮೆದುಳು ಒಗ್ಗೋಕೆ ಕೆಲವು ವಾರ ಬೇಕು ಅನ್ನೋದು ಸುಳ್ಳಲ್ಲ, ಅದಕ್ಕೇ ಇನ್ನೂ ಕೋಪ ಬರೋದು, ಒಂದು ನಿಜವಾದ ಮಾತನ್ನ ಗುರಾಣಿ ಮಾಡ್ಕೊಂಡು ಸೆಟ್ಟಿಂಗ್ ಮುಟ್ದೇನೇ ವಾಪಸ್ ಕಳಿಸೋದು. ಕೊನೆಗೆ ಅದು ಬೀರು ಸೇರ್ತು.

ಆಮೇಲೆ ಮೈಸೂರಿಗೆ ಕರ್ಕೊಂಡು ಹೋದ್ವಿ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ. ಅಲ್ಲಿ ಮೊದಲು ಇಎನ್‌ಟಿ ಡಾಕ್ಟ್ರು ಕಿವಿ ನೋಡಿ ಗಟ್ಟಿಯಾಗಿ ಕೂತಿದ್ದ ಗುಗ್ಗೆ ತೆಗೆದ್ರು. ಅಯ್ಯೋ ದೇವ್ರೇ, ಅದರ ಮೇಲೇ ಆ ಪುಣ್ಯಾತ್ಮರು ಟೆಸ್ಟ್ ಮಾಡಿ ಮೆಷಿನ್ ಹಾಕಿದ್ರು! ಆಮೇಲೆ ಹೊರಗಿನ ಸದ್ದು ಬರದ ರೂಮಲ್ಲಿ ಕೂರಿಸಿ ಪೂರ್ತಿ ಟೆಸ್ಟ್, ಮೂಳೆ ಟೆಸ್ಟೂ ಸೇರಿ. ಕನ್ನಡ ಪದಗಳನ್ನ ಒಂದೊಂದಾಗಿ ಓದಿ ವಾಪಸ್ ಹೇಳಿಸಿದ್ರು, ಎಷ್ಟು ಪದ ಸರಿಯಾಗಿ ಅರ್ಥ ಆಗುತ್ತೆ ನೋಡೋಕೆ. ಟೆಸ್ಟ್ ಮಾಡಿದ ಹುಡುಗಿ ಅಪ್ಪನ ಎದುರು ಕೂತು ಅವರ ಮುಖ ನೋಡ್ಕೊಂಡು ನಿಧಾನಕ್ಕೆ ಹೇಳಿ, ಅರ್ಥ ಆಯ್ತಾ ಅಂತ ಕೇಳದೆ 'ನಾನೇನ್ ಹೇಳ್ದೆ ನೀವೇ ಹೇಳಿ ಅಜ್ಜ' ಅಂದ್ಲು. ಅಷ್ಟೇ ಸಾಕಿತ್ತು, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮೆಷಿನ್ ಕೆಟ್ಟದ್ದೇನಲ್ಲ, ಕಂಪನಿಯಿಂದ ಬಂದ ಸೆಟ್ಟಿಂಗಲ್ಲೇ ಇದೆ, ಅಪ್ಪನ ಕಿವಿಗೆ ಹೊಂದಿಸೇ ಇಲ್ಲ ಅಂತ ಗೊತ್ತಾಯ್ತು. ಸರಿ ಮಾಡ್ಕೊಡಿ ಅಂದ್ರೆ ಆಗಲ್ಲ, ಯಾಕಂದ್ರೆ ಮಾರಿದೋರು ಸಾಫ್ಟ್‌ವೇರ್ ಲಾಕ್ ಹಾಕಿದಾರೆ, ಅವರ ಅಂಗಡೀಲಿ ಬಿಟ್ಟು ಬೇರೆಲ್ಲೂ ಟ್ಯೂನ್ ಮಾಡೋಕೆ ಬರಲ್ಲ. ದುಡ್ಡು ನಮ್ದು, ಕಿವಿ ನಮ್ಮಪ್ಪಂದು, ಬೀಗ ಅವರ್ದು. ಈ ಲಾಕ್ ಬಗ್ಗೆ ಮಾರುವಾಗ ಒಬ್ರೂ ಬಾಯಿ ಬಿಡ್ಲಿಲ್ಲ.

ಅಂಗಡೀಲಿ ಬಿಳಿ ಕೋಟು ಹಾಕ್ಕೊಂಡಿದ್ದ ಆ ಮನುಷ್ಯನ ಸಿಆರ್‌ಆರ್ ನಂಬರ್, ಅಂದ್ರೆ ಕೇಂದ್ರ ಪುನರ್ವಸತಿ ರಿಜಿಸ್ಟರಿನ ನೋಂದಣಿ ಸಂಖ್ಯೆ, ಕೇಳಿದ್ವಿ, ಉತ್ತರ ಇಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಪ್ರಕಾರ ಕೇಂದ್ರ ರಿಜಿಸ್ಟರಲ್ಲಿ ಹೆಸರಿಲ್ಲದೋರು ಈ ಪ್ರಾಕ್ಟೀಸ್ ಮಾಡೋ ಹಾಗೇ ಇಲ್ಲ. ಮಾಡಿದ್ರೆ ಶಿಕ್ಷೆ ಒಂದು ವರ್ಷದವರೆಗೆ ಜೈಲು, ಇಲ್ಲ 1000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಸಾವಿರ ರೂಪಾಯಿಗೆ ಲಕ್ಷ ಲಕ್ಷ ಮಾರೋನು ಯಾಕೆ ಹೆದ್ರುತಾನೆ? ಪರಿಷತ್ತಿನ ನೀತಿ ಸಂಹಿತೆ 1998ರಿಂದ ಇದೆ, ಆದ್ರೆ ಅದು ಹಿಡಿಯೋದು ರಿಜಿಸ್ಟರ್ ಆದವರನ್ನ, ಬೋರ್ಡಲ್ಲಿ ಆಡಿಯಾಲಜಿಸ್ಟ್ ಅಂತ ಬರೆಸ್ಕೊಂಡು ಒಳಗೆ ಸೇಲ್ಸ್ ಟಾರ್ಗೆಟ್ ಇಟ್ಕೊಂಡವರನ್ನ ಕೇಳೋರ್ಯಾರು. ನಾಲ್ಕು ವರ್ಷ ಕಷ್ಟಪಟ್ಟು ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ಮಾತಿನ ತೊಂದರೆಗಳ ಪದವಿ) ಓದಿ ಬಂದ ಮಕ್ಕಳನ್ನ ಕೂಡ ಈ ತಿಂಗಳು ಇಷ್ಟು ಪೀಸ್ ಹೋಗ್ಲೇಬೇಕು ಅಂತ ಹಿಂಡ್ತಾರೆ, ಅವರ ಮೇಲೆ ನಂಗೆ ಸಿಟ್ಟಿಲ್ಲ, ಹಿಂಡೋರ ಮೇಲೆ ಇದೆ. ಟೆಸ್ಟ್ ಮಾಡೋನಿಗೇ ಮಾರಿದ್ರೆ ಕಮಿಷನ್ ಅಂದ್ಮೇಲೆ 'ನಿಮ್ಗೆ ಮೆಷಿನ್ ಬೇಡ, ಗುಗ್ಗೆ ತೆಗೆಸ್ಕೊಂಡು ಬನ್ನಿ' ಅಂತ ಅವನ ಬಾಯಲ್ಲಿ ಹೆಂಗೆ ಬರುತ್ತೆ?

ಅಪ್ಪ-ಅಮ್ಮನ್ನ ಇಂಥ ಕಡೆ ಕರ್ಕೊಂಡು ಹೋಗೋರು ದಯವಿಟ್ಟು ಸಿಆರ್‌ಆರ್ ನಂಬರ್ ಕೇಳಿ, ಆಡಿಯೋಗ್ರಾಮ್ (ಕಿವಿ ಟೆಸ್ಟಿನ ಗ್ರಾಫ್) ಕಾಪಿ ಕೈಗೆ ಇಸ್ಕೊಳ್ಳಿ, ಲಾಕ್ ಇದ್ಯಾ ಅಂತ ಬರವಣಿಗೇಲಿ ಕೇಳಿ. ಒಂದೇ ಕಿವಿ ಇದ್ದಕ್ಕಿದ್ದಂಗೆ ಮಂದ ಆದ್ರೆ ಅಂಗಡಿ ಮೆಟ್ಟಿಲೇ ಹತ್ತಬೇಡಿ, ಅವತ್ತೇ ಇಎನ್‌ಟಿ ಡಾಕ್ಟ್ರ ಹತ್ರ ಓಡಿ, ಅದಕ್ಕೆ ಮೊದಲ ಕೆಲವು ದಿನದಲ್ಲಿ ಔಷಧಿ ಬಿದ್ರೆ ಕೇಳಿಸೋದು ವಾಪಸ್ ಬರೋ ಚಾನ್ಸ್ ಜಾಸ್ತಿ.

ನಾವು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ರೆಡಿ ಮಾಡ್ತಿದೀವಿ, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು. ಇದು ಗೊತ್ತಾದ್ಮೇಲೆ ಅಂಗಡಿಯಿಂದ ಫೋನು, ಹಳೇದು ಕೊಟ್ಟು ಇನ್ನೂ 40,000 ಹಾಕಿದ್ರೆ ಇದಕ್ಕಿಂತ ಒಳ್ಳೆ ಮಾಡೆಲ್ ಕೊಡ್ತಾರಂತೆ. ಬೇಡ. ಲಾಕ್ ತೆಗೀಲಿ, ದುಡ್ಡು ವಾಪಸ್ ಕೊಡ್ಲಿ, ನಮ್ಮಪ್ಪನ ಎದುರು ಕೂತು ಅವರಿಗೆ ಕೇಳೋ ಹಾಗೆ ಕ್ಷಮೆ ಕೇಳ್ಲಿ.