ಟವೆಲ್ ಕೆಳಗಿನ ಎರಡು ಕೈ

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಟವೆಲ್ ಕೆಳಗೆ ಕೈಯಿಟ್ಟು ಬೆರಳು ಹಿಡಿಯುತ್ತಾರೆ. ಸುತ್ತ ನಿಂತವರಿಗೆ ತಿಳಿಯದಿದ್ದರೂ ಬೆರಳು ಹಿಡಿದ ಇಬ್ಬರಿಗಾದರೂ ಲೆಕ್ಕ ಗೊತ್ತಿರುತ್ತದೆ. ಲಾರಿ ಬಾಡಿಗೆಯ ವ್ಯಾಪಾರ ಇದಕ್ಕಿಂತ ಮುಂದುವರಿದಿದೆ. ಇಲ್ಲಿ ಟವೆಲ್ ಕೆಳಗಿನ ಎರಡು ಕೈಯೂ ದಲ್ಲಾಳಿಯದೇ.

ಮನೆ ಬದಲಾಯಿಸಲು ಸಣ್ಣ ಲಾರಿಯೊಂದು ಬೇಕಾಗಿ ಯಶವಂತಪುರದ ಟ್ರಕ್ ಟರ್ಮಿನಲ್ ಕಡೆ ಹೋಗಿದ್ದೆ. ದಲ್ಲಾಳಿಯ ಮೇಜಿನ ಮೇಲೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ, ಅದರ ಎಡಬಲಕ್ಕೆ ಕೆಂಪು ಕವಚದ ಮೊಬೈಲ್ ಒಂದು, ಹಸಿರು ಕವಚದ್ದು ಇನ್ನೊಂದು. ಕೆಂಪು ರಿಂಗಣಿಸಿತು. ಪೀಣ್ಯದ ಕಾರ್ಖಾನೆ, ಮುಂಬಯಿಗೆ ಮಾಲು ಹೋಗಬೇಕು. “ಲಾರಿಯೇ ಇಲ್ಲ ಸಾರ್. ಅರವತ್ತೆರಡು ಸಾವಿರವಾದರೆ ಎಲ್ಲಿಂದಲಾದರೂ ಹುಡುಕಿ ತರುತ್ತೇನೆ.” ಅದನ್ನು ಕೆಳಗಿಟ್ಟು ಹಸಿರನ್ನು ಕೈಗೆತ್ತಿಕೊಂಡರು. “ಲೋಡೇ ಇಲ್ಲಪ್ಪ. ಮಾರುಕಟ್ಟೆ ಪೂರ್ತಿ ಮಲಗಿದೆ. ನಲವತ್ತೆಂಟಕ್ಕೆ ಒಂದಿದೆ, ನಿನಗೆಂದೇ ಎತ್ತಿಟ್ಟಿದ್ದೇನೆ.”

ಹಸಿರಿನ ಆ ತುದಿಯಲ್ಲಿದ್ದವನು ಕಿಟಕಿಯಿಂದಲೇ ಕಾಣುತ್ತಿದ್ದ. ಮಹಾರಾಷ್ಟ್ರದಿಂದ ಈರುಳ್ಳಿ ತಂದು ಇಳಿಸಿ, ರಿಟರ್ನ್ ಲೋಡಿಗಾಗಿ ಮೂರು ದಿನದಿಂದ ಲಾರಿಯ ಕೆಳಗೇ ಮಲಗಿ ಏಳುತ್ತಿದ್ದವನು. ಖಾಲಿ ಹೋದರೆ ಡೀಸೆಲ್ಲಿಗೂ ಗತಿಯಿಲ್ಲ ಎಂಬುದು ಅವನಿಗೂ ಗೊತ್ತು, ದಲ್ಲಾಳಿಗೂ ಗೊತ್ತು. ಐವತ್ತೊಂದಕ್ಕೆ ಕುದುರಿತು. ಪೀಣ್ಯದಿಂದ ಯಶವಂತಪುರಕ್ಕೆ ಇರುವುದು ನಾಲ್ಕೈದು ಕಿಲೋಮೀಟರ್. ಅಷ್ಟು ದಾರಿಯಲ್ಲಿ ಹನ್ನೊಂದು ಸಾವಿರ ರೂಪಾಯಿ ಉದುರಿಹೋಯಿತು. ಇಷ್ಟು ದುಬಾರಿ ಟೋಲನ್ನು ಯಾವ ಹೆದ್ದಾರಿಯವರೂ ಇನ್ನೂ ಕಂಡುಹಿಡಿದಿಲ್ಲ.

ನಿಜವಾದ ಟೋಲಿನಲ್ಲಿ ಚೌಕಾಸಿ ಮಾಡಿ ನೋಡಿ! ಫಾಸ್ಟ್‌ಟ್ಯಾಗ್ ಕೇಳದೆಯೇ ಕತ್ತರಿಸಿಕೊಳ್ಳುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಬೆಲೆಯನ್ನು 2 ರೂಪಾಯಿ ಏರಿಸಿದಾಗ ಬಂಕಿನವನು “ನಿಮಗೆಂದೇ ಹಳೆಯ ದರದಲ್ಲಿ ಎತ್ತಿಟ್ಟಿದ್ದೇನೆ” ಎನ್ನಲಿಲ್ಲ. ಥರ್ಡ್ ಪಾರ್ಟಿ ವಿಮೆಯ ಕಂತು ದೆಹಲಿಯಲ್ಲಿ ನಿಗದಿ. ಹೆಚ್ಚು ಭಾರ ಹೇರಿದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000; ಅದೂ ಕಾಯ್ದೆಯಲ್ಲೇ ಅಚ್ಚಾಗಿದೆ. ಲಾರಿಯವನು ಕೊಡಬೇಕಾದುದಕ್ಕೆಲ್ಲ ದರಪಟ್ಟಿಯಿದೆ. ಅವನಿಗೆ ಬರಬೇಕಾದುದು ಮಾತ್ರ “ಮಾತಾಡಿಕೊಳ್ಳೋಣ”.

ತಮಾಷೆಯೆಂದರೆ, 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಸರಕು ವಾಹನಗಳ ಬಾಡಿಗೆಗೂ ಕನಿಷ್ಠ, ಗರಿಷ್ಠ ದರ ಗೊತ್ತುಪಡಿಸುವಂತೆ ನಿರ್ದೇಶಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಬೆಂಗಳೂರಿನ ಆಟೋಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ ಎಂದು ಲೆಕ್ಕ ಹಾಕುವಷ್ಟು ಗಣಿತವೂ ನಮ್ಮಲ್ಲಿದೆ. (ಆ 36ಕ್ಕೆ ಯಾವ ಆಟೋ ಬರುತ್ತದೆ ಎಂದು ಕೇಳಬೇಡಿ. ಅದು ಬೇರೆ ಪುರಾಣ.)

ಐವತ್ತೊಂದಾದರೂ ಪೂರ್ತಿ ಕೈಗೆ ಬಂತೇ? ಮುಂಗಡದಲ್ಲಿ ಕಮಿಷನ್ ಮುರಿದರು, ಹಮಾಲಿ ಮುರಿದರು, ಆಮೇಲೆ ಚೀಟಿಯಲ್ಲಿ ‘ಮಾಮೂಲು’ ಎಂದು ಇನ್ನೊಂದು ಸಾಲು ಬರೆದರು. ಇದು ಯಾವುದಕ್ಕೆ ಎಂದು ಚಾಲಕ ಕೇಳಿದ. “ಮಾಮೂಲು ಕಣಪ್ಪ” ಎಂದರು. ಅವನು ತಲೆಯಾಡಿಸಿದ. ಬಾಕಿ ಹಣ ಮಾಲು ಮುಟ್ಟಿದ ರಸೀದಿ ಸಹಿ, ಸೀಲಿನೊಂದಿಗೆ ಮರಳಿದ ಮೇಲೆ. ಸೀಲು ಮಸುಕಾಗಿದ್ದರೆ ಒಂದು ಕಡಿತ, ಪೆಟ್ಟಿಗೆ ನೆನೆದಿದ್ದರೆ ಇನ್ನೊಂದು. ಅಲ್ಲಿ ಇಳಿಸಿಕೊಳ್ಳದೆ ಎರಡು ದಿನ ನಿಲ್ಲಿಸಿದರೆ ಹಾಲ್ಟಿಂಗ್ ಹಣ ಕೇಳಬಹುದು. ಕೇಳುವುದಕ್ಕೆ ಯಾವ ಕಡಿತವೂ ಇಲ್ಲ.

ದಲ್ಲಾಳಿಯನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಕಾರ್ಖಾನೆ ಅವರಿಗೆ ಹಣ ಕೊಡುವುದು ತಿಂಗಳುಗಳ ಮೇಲೆ, ಅವರು ಮುಂಗಡ ಎಣಿಸುವುದು ಇವತ್ತು. ಜೊತೆಗೆ ಎರಡು ಮೊಬೈಲಿಗೆ ಎರಡು ಸುಳ್ಳನ್ನು ಅದಲುಬದಲಾಗದಂತೆ ದಿನವಿಡೀ ಹೇಳುವುದು ಸುಲಭದ ಕಸುಬಲ್ಲ.

ಕೊನೆಗೆ ನನ್ನ ಸರದಿ. ರಾಜಾಜಿನಗರದಿಂದ ಕೆಂಗೇರಿಗೆ, ಒಂದು ಮಂಚ, ಎರಡು ಬೀರು ಎಂದೆ. ದಲ್ಲಾಳಿ ನಿಟ್ಟುಸಿರು ಬಿಟ್ಟರು. “ಲಾರಿಯೇ ಇಲ್ಲ ಸಾರ್.” ಅವರ ಹೆಗಲ ಹಿಂದಿನ ಕಿಟಕಿಯಲ್ಲಿ ಸಾಲಾಗಿ ನಿಂತಿದ್ದವನ್ನು ಎಣಿಸತೊಡಗಿದೆ. ಹದಿನೇಳಕ್ಕೆ ಬರುವಷ್ಟರಲ್ಲಿ ಅವರು ದರ ಹೇಳಿದರು. ನಾನು ಮುಂಗಡ ಕೊಟ್ಟೆ.