ಸ್ಪೀಕರಿನ ಕಾಲಿಗೆ ಚಪ್ಪಲಿ

ವಿಜಯಪುರದವರಿಗೆ ಧ್ವನಿಯ ವಿಷಯದಲ್ಲಿ ತುಸು ಜಂಬ ಇರುತ್ತದೆ. ಗೋಳಗುಮ್ಮಟದ ಈ ಬದಿ ಪಿಸುಗುಟ್ಟಿದ್ದು ಆ ಬದಿಗೆ ಕೇಳಿಸುತ್ತದೆ, ಚಪ್ಪಾಳೆ ಏಳು ಸಲ ಮರಳಿ ಬರುತ್ತದೆ ಎಂದು ಬಂದ ನೆಂಟರಿಗೆಲ್ಲ ತೋರಿಸಿ ತೋರಿಸಿ, ಅದನ್ನು ಕಟ್ಟಿಸಿದವರು ನಾವೇ ಎಂಬ ಭ್ರಮೆ ಬಂದುಬಿಟ್ಟಿದೆ. ಅದೇ ಜಂಬದಲ್ಲಿ ನಾನು ಎರಡು ಸ್ಪೀಕರ್ ಮತ್ತು ಅವುಗಳನ್ನು ಕಿವಿಯ ಎತ್ತರಕ್ಕೆ ನಿಲ್ಲಿಸಲು ಎರಡು ಕಬ್ಬಿಣದ ಸ್ಟ್ಯಾಂಡ್ ತಂದೆ.

ಸ್ಟ್ಯಾಂಡಿನ ಜೊತೆ ಎಂಟು ಚೂಪು ಕಾಲುಗಳು ಬಂದಿದ್ದವು. ಕಾರ್ಪೆಟ್ ಹಾಸಿದ ಮನೆಯಲ್ಲಿ ಆ ಮೊನೆ ಕಾರ್ಪೆಟ್ಟನ್ನು ತೂರಿ ಗಟ್ಟಿ ನೆಲವನ್ನು ಹಿಡಿಯುತ್ತದೆ, ಸ್ಟ್ಯಾಂಡ್ ಅಲುಗುವುದಿಲ್ಲ. ನಮ್ಮ ಪಡಸಾಲೆಗೆ ಕಾರ್ಪೆಟ್ ಎಲ್ಲಿಂದ ಬರಬೇಕು? ಅಪ್ಪ ಹಾಕಿಸಿದ ಶಹಾಬಾದ್ ಕಲ್ಲು. ಸುಣ್ಣಕಲ್ಲಿನ ಜಾತಿಯದು, ಗ್ರಾನೈಟಿನಷ್ಟು ಗಟ್ಟಿಯಲ್ಲ. ಸ್ಟ್ಯಾಂಡನ್ನು ಅರ್ಧ ಅಡಿ ಸರಿಸಿದೆ, ನಾಲ್ಕು ಬಿಳಿ ಗೆರೆ ಬಿದ್ದವು. ಅವ್ವ ಬಂದು ಕುಕ್ಕರುಗಾಲಿನಲ್ಲಿ ಕುಳಿತು ಒಂದು ಗೆರೆಯ ಮೇಲೆ ಉಗುರು ಎಳೆದು ನೋಡಿದಳು.

"ತಮ್ಮಾ, ಹೊಲ ಇದ್ದಾಗ ನೀನು ಒಂದು ದಿನವೂ ಕುಂಟೆ ಹಿಡಿಯಲಿಲ್ಲ."

ಮೊನೆಯ ಕೆಳಗೆ ಲೋಹದ ಬಿಲ್ಲೆ ಇಡಬೇಕಂತೆ. ಬಿಲ್ಲೆಗೆ ದುಡ್ಡೇಕೆ, ದುಡ್ಡೇ ಬಿಲ್ಲೆಯಲ್ಲವೇ? ಎಂಟು ರೂಪಾಯಿ ನಾಣ್ಯ ಇಟ್ಟೆ. ಎಂಟು ದಿನ ಗಾಯಕ ಕುಮಾರ ಗಂಧರ್ವರು ನಮ್ಮ ಮನೆಯಲ್ಲಿ ಸುಖವಾಗಿದ್ದರು. ಒಂಬತ್ತನೆಯ ದಿನ ಎಡಗಡೆಯ ಸ್ಟ್ಯಾಂಡ್ ತೊಟ್ಟಿಲಿನ ಹಾಗೆ ತೂಗತೊಡಗಿತು. ಮೂರು ಒಲೆಗುಂಡಿನ ಮೇಲೆ ಗಡಿಗೆ ಎಂಥ ನೆಲದಲ್ಲೂ ನೆಟ್ಟಗೆ ಕೂರುತ್ತದೆ. ಕಾಲು ನಾಲ್ಕಾದರೆ ಜಗಳ ಶುರು. ಬಗ್ಗಿ ನೋಡಿದರೆ ಒಂದು ನಾಣ್ಯ ಮಾಯ. ಮನೆಯಲ್ಲಿ ವಿಚಾರಣೆ ನಡೆಸಿದೆ. ಯಾರೂ ಬಾಯಿಬಿಡಲಿಲ್ಲ.

ಚೂಪು ಕಾಲು ಬಿಚ್ಚಿ ಕೆಳಗೆ ಉಣ್ಣೆಬಟ್ಟೆಯ ತುಂಡು ಅಂಟಿಸಿದೆ. ನೆಲ ಒರೆಸಿದ ನೀರನ್ನೆಲ್ಲ ಅದು ಕುಡಿಯಿತು; ಮೇಲೆ ಕೂದಲು, ಮಣ್ಣು, ಜೋಳದ ಹೊಟ್ಟು. ಒಣಗಿದ ಮೇಲೆ ಅದಕ್ಕೂ ಮರಳು ಕಾಗದಕ್ಕೂ ಭೇದ ಉಳಿಯಲಿಲ್ಲ. ರಬ್ಬರ್ ಬುಷ್ ಸರಿಯಾಗಿಯೇ ಕುಳಿತಿತ್ತು, ಒಂದು ತಿಂಗಳಿಗೆ ಕಲ್ಲಿನ ಮೇಲೆ ಕಪ್ಪು ಬಳೆ ಮೂಡಿಸುವ ತನಕ.

ಕೊನೆಗೆ ಟೆಫ್ಲಾನ್ ತಳದ ಜಾರುಗಾಲು ತಂದೆ. ಮೊದಲ ಸಲ ತಂದದ್ದು ಆರು ಎಂಎಂ ಬೋಲ್ಟಿನದು, ಸ್ಟ್ಯಾಂಡಿನ ತೂತು ಎಂಟು ಎಂಎಂ. ಆ ಕಥೆ ಬೇಡ. ಎರಡನೆಯ ಸಲ ಸರಿಯಾಗಿ ಕೂಡಿತು. ದೋಸೆ ಹಂಚಿಗೆ ಹಚ್ಚುವ ವಸ್ತುವೇ ಅದು. ಅಷ್ಟು ಭಾರದ ಸ್ಟ್ಯಾಂಡ್ ಅವ್ವನ ಹೆಬ್ಬೆರಳ ತುದಿಗೆ ಸರಿಯಿತು. ಅವಳಿಗೆ ಬಹಳ ಹಿಡಿಸಿತು. ಇಲ್ಲೇ ನಾನು ಎಚ್ಚರಾಗಬೇಕಿತ್ತು.

ಎರಡು ಸ್ಪೀಕರ್, ಕೇಳುವವನ ತಲೆ, ಈ ಮೂರೂ ಸಮಬಾಹು ತ್ರಿಕೋನದಲ್ಲಿರಬೇಕು ಎನ್ನುತ್ತಾರೆ. ಸಂಜೆ ಮನೆಗೆ ಬಂದರೆ ತ್ರಿಕೋನದ ಒಂದು ಮೂಲೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿತ್ತು, ವೈರು ಗಾಳಿಪಟದ ದಾರದಂತೆ ಬಿಗಿದುಕೊಂಡಿತ್ತು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ತಬಲಾದ ಜೊತೆ, ಹೆಚ್ಚುಕಡಿಮೆ ಲಯದಲ್ಲಿಯೇ.

"ನಾನೇ ಅಲ್ಲಿಗೆ ಹೋಗಿ ಕೂತರೆ ರೊಟ್ಟಿ ಯಾರು ಮಾಡಬೇಕು? ಹಾಡೇ ಇಲ್ಲಿಗೆ ಬರಲಿ."

ಈಗ ಸ್ಟ್ಯಾಂಡ್ ನಿಲ್ಲಬೇಕಾದ ಜಾಗದಲ್ಲಿ ಅವಳೇ ರಂಗೋಲಿಯ ನಾಲ್ಕು ಚುಕ್ಕಿ ಇಡುತ್ತಾಳೆ. ನನ್ನ ಕುಂಟೆಯ ಗೆರೆಗಳೂ ಅದರಲ್ಲಿ ಸೇರಿ ಹೋಗಿವೆ. ರಾತ್ರಿ ಊಟವಾದ ಮೇಲೆ ನಾನು ಸ್ಪೀಕರನ್ನು ದೂಡಿಕೊಂಡು ಬಂದು ಚುಕ್ಕಿಗೆ ಕೂಡಿಸುತ್ತೇನೆ.

ಮೊನ್ನೆ ಉಳಿದ ಏಳು ನಾಣ್ಯ ಎಣಿಸುತ್ತ, ಎಂಟನೆಯದು ಎಲ್ಲಿ ಹೋಯಿತೋ ಎಂದು ಗೊಣಗಿದೆ.

"ಆಷಾಢದಲ್ಲಿ ಪಂಢರಪುರದ ಹುಂಡಿಗೆ ಹಾಕಿದೆ," ಎಂದಳು ಅವ್ವ. "ನೀನು ಹರಕೆಗೆ ಇಟ್ಟದ್ದಲ್ಲವೇ?"

"ಹಾಗಾದರೆ ಒಂದೇ ಏಕೆ?"

"ಉಳಿದವು ಮುಂದಿನ ಏಳು ವರ್ಷಕ್ಕೆ."